ಮಂಗಳವಿಲ್ಲದ ಆಟ

ಕಿರುತೆರೆಯ ಧಾರಾವಾಹಿಯನ್ನು ಕುರಿತು ಬರೆಯುವುದು ವಿಮರ್ಶಕನ ಘನತೆಗೆ ತಕ್ಕುದಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಅದರಲ್ಲಿಯೂ ಹಾವು ಹೆಣ್ಣಾಗಿ, ಹೆಣ್ಣು ಹಾವಾಗುವ ಧಾರಾವಾಹಿಯ ಮಾತೆತ್ತಿದರಂತೂ ಮುಗಿದೇ ಹೋಯಿತು. ಪತ್ರಿಕೆ ಓದುವ ಮನೆಯ ಯಜಮಾನರು ಮುಗುಳ್ನಕ್ಕು, ‘ಅದೇನಿದ್ದರೂ ನಮ್ಮ ಮನೆಯ ಹೆಂಗಸರನ್ನು ಕೇಳಿ’ ಎಂದು ಜಾರಿಕೊಳ್ಳುತ್ತಾರೆ. ಹಾಗೆ ಜಾರಿಕೊಂಡವರೇ ರಾತ್ರಿ ಊಟದ ತಟ್ಟೆ ಹಿಡಿದು ಅದೇ ಪೆಟ್ಟಿಗೆಯ ಮುಂದೆ ಬಂದು ಕುಳಿತು, ‘ಇವಳು ಇನ್ನೂ ಸಿಕ್ಕಿಬಿದ್ದಿಲ್ಲವೆ?’ ಎಂದು ವಿಚಾರಿಸುವುದನ್ನೂ ನಾವು ಬಲ್ಲೆವು. ಇಷ್ಟು ಜನರನ್ನು ಇಷ್ಟು ಕಾಲ ಹಿಡಿದು ಕೂರಿಸಿದ ಕಥೆ ಕೆಟ್ಟದ್ದೇ ಇರಬಹುದು. ಆದರೆ ಕೆಟ್ಟ ಕಥೆ ಜನರನ್ನು ಹೇಗೆ ಹಿಡಿಯಿತು ಎಂದು ಕೇಳದೆ ಬಿಡುವುದು ವಿಮರ್ಶೆಯ ಸೋಮಾರಿತನ.

ಜೀ ಕನ್ನಡ ವಾಹಿನಿಯಲ್ಲಿ 2016ರಲ್ಲಿ ಮೊದಲಾದ ‘ನಾಗಿಣಿ’ಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಕೆಲವೇ ತಿಂಗಳು ಹಿಂದೆ, 2015ರ ನವೆಂಬರಿನಲ್ಲಿ, ಹಿಂದಿಯಲ್ಲಿ ಏಕ್ತಾ ಕಪೂರ್ ಅವರ ‘ನಾಗಿನ್’ ಬಂದು ಗೆದ್ದಿತ್ತು. ಕನ್ನಡದಲ್ಲಿ ಇಚ್ಛಾಧಾರಿ ನಾಗಿಣಿ ಅಮೃತಾ ಆಗಿ ದೀಪಿಕಾ ದಾಸ್, ಅವಳು ಒಲಿದ ಅರ್ಜುನನಾಗಿ ದೀಕ್ಷಿತ್ ಶೆಟ್ಟಿ ಮನೆಮಾತಾದರು. ತಂದೆತಾಯಿಗಳನ್ನು ಕೊಂದವರ ಮೇಲೆ ಹಗೆ ತೀರಿಸಲು ನಾಗಿಣಿ ಮನುಷ್ಯರೂಪ ತಾಳಿ ಒಂದು ಮನೆಯನ್ನು ಹೊಗುತ್ತಾಳೆ. ಹೊಕ್ಕ ಮನೆಯಲ್ಲಿಯೇ ಒಲವಿಗೆ ಸಿಕ್ಕುತ್ತಾಳೆ. ಹಗೆಯೂ ಒಲವೂ ಒಂದನ್ನೊಂದು ತಡೆಯುತ್ತವೆ. ಕಥೆ ಇಷ್ಟೇ. 2020ರಲ್ಲಿ ನಮ್ರತಾ ಗೌಡ ಅವರ ‘ನಾಗಿಣಿ 2’ ಬಂದಿತು. ಸರಕು ಹೊಸದೆಂದು ಯಾರೂ ಹೇಳಲಾರರು. ಮಹಾತ್ಮ ಪಿಕ್ಚರ್ಸ್ ಸಂಸ್ಥೆಯ ‘ಜಗನ್ಮೋಹಿನಿ’ 1951ರಲ್ಲಿಯೇ ಮಾಯಾಜಾಲದ ರುಚಿಯನ್ನು ಕನ್ನಡ ಚಿತ್ರಮಂದಿರಗಳಿಗೆ ಹತ್ತಿಸಿತ್ತು. 1949ರಿಂದ ಕನ್ನಡದಲ್ಲಿಯೂ ಬರತೊಡಗಿದ ‘ಚಂದಮಾಮ’ವನ್ನು ಓದಿ ಬೆಳೆದವರಿಗೆ ಬೇತಾಳನೂ ಮಂತ್ರವಾದಿಯೂ ನೆರೆಮನೆಯವರಷ್ಟೇ ಪರಿಚಿತರು.

ಹಾಗಿದ್ದರೂ ಈ ಚಟಕ್ಕೆ ನಮ್ಮ ವಿದ್ಯಾವಂತರು ಕೊಡುವ ಕಾರಣ ಒಂದೇ: ಮೌಢ್ಯ. ಜನ ಹಾವಿನ ಹಗೆಯನ್ನು ನಂಬುತ್ತಾರೆ, ಆದ್ದರಿಂದ ನೋಡುತ್ತಾರೆ. ನೋಡುವುದರಿಂದ ಇನ್ನಷ್ಟು ನಂಬುತ್ತಾರೆ. ಈ ವಾದ ಕೇಳಲು ಹಿತವಾಗಿದೆ. ಹೇಳುವವರನ್ನು ಒಂದು ಮೆಟ್ಟಿಲು ಮೇಲೆ ಕೂರಿಸುತ್ತದೆ. ಆದರೆ 2011ರಿಂದ 2019ರ ವರೆಗೆ ‘ಗೇಮ್ ಆಫ್ ಥ್ರೋನ್ಸ್’ ಎಂಬ ಇಂಗ್ಲಿಷ್ ಸರಣಿಯ ಬೆಂಕಿಯುಗುಳುವ ರೆಕ್ಕೆಯ ಸರ್ಪಗಳನ್ನು ನಿದ್ದೆಗೆಟ್ಟು ನೋಡಿದವರು ಇವರ ಮಕ್ಕಳೇ. ಅವರಾರೂ ಅಂಥ ಸರ್ಪ ಇದೆಯೆಂದು ನಂಬಿ ನೋಡಲಿಲ್ಲ. ರೆಕ್ಕೆಯಿರುವ ಹಾವನ್ನು ನೋಡಿದರೆ ಸಂಸ್ಕಾರ, ರೆಕ್ಕೆಯಿಲ್ಲದ ಹಾವನ್ನು ನೋಡಿದರೆ ಮೌಢ್ಯ ಎಂಬ ನ್ಯಾಯ ವಿಚಿತ್ರವಾದುದು. ಅಪನಂಬಿಕೆಯನ್ನು ತಾನಾಗಿಯೇ ಕೊಂಚ ಹೊತ್ತು ಬದಿಗಿಡುವುದೇ ಕಾವ್ಯದ ನಂಬಿಕೆ ಎಂದು ಕೋಲ್‌ರಿಜ್ 1817ರಲ್ಲಿ ಹೇಳಿದ ಮಾತು ಇಂಗ್ಲಿಷ್ ಓದಿದವರಿಗೆ ಮಾತ್ರ ಮೀಸಲಾದುದಲ್ಲ. ಹಾವು ಹಗೆಯನ್ನು ನೆನಪಿಡುವುದಿಲ್ಲವೆಂದು ಪ್ರಾಣಿಶಾಸ್ತ್ರ ಹೇಳುತ್ತದೆ. ಗಂಗಾವತಿಯ ಕಡೆ ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚುವ ಹೆಂಗಸಿಗೆ ಹಾವು ಎಂದರೇನು ಎಂಬುದು ಆ ಶಾಸ್ತ್ರಕ್ಕಿಂತ ಚೆನ್ನಾಗಿ ಗೊತ್ತು. ಗದ್ದೆಯ ಹಾವೇ ಬೇರೆ, ತೆರೆಯ ಹಾವೇ ಬೇರೆ ಎಂಬುದೂ ಗೊತ್ತು.

ಗಂಗಾವತಿಯ ಹೆಸರನ್ನು ಸುಮ್ಮನೆ ತಂದುದಲ್ಲ. ಆ ತಾಲ್ಲೂಕಿನ ಸಾಣಾಪುರದಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಪ್ರಶ್ನೆ ತಿಳಿಯಾಗುತ್ತದೆ. ಸುತ್ತಲೂ ಯಾರೋ ಒಟ್ಟಿಟ್ಟಂತೆ ನಿಂತ ಬಂಡೆಗುಡ್ಡಗಳು. ನಡುವೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ನಿಲ್ಲುವ ಕೆರೆ. ಕೆಳಗೆ ಹಸಿರು ಗದ್ದೆ. ಕೆಲವೇ ಮೈಲಿಗಳ ಆಚೆ ಐನೂರಕ್ಕೂ ಮಿಕ್ಕ ಮೆಟ್ಟಿಲುಗಳ ಅಂಜನಾದ್ರಿ, ಹನುಮಂತ ಹುಟ್ಟಿದ ಬೆಟ್ಟವೆಂದು ಆ ನಾಡೆಲ್ಲ ನಂಬಿದ ಸ್ಥಳ. ಪಂಪಾ ಸರೋವರ ಅಲ್ಲಿಯೇ. ಶಬರಿಯ ಗುಹೆ ಅಲ್ಲಿಯೇ. ರಾಮನು ವಾಲಿಗೆ ಬಾಣ ಬಿಟ್ಟನೆಂದು ತೋರಿಸುವ ಚಿಂತಾಮಣಿ ಆನೆಗೊಂದಿಯ ಹೊಳೆದಂಡೆಯಲ್ಲಿ. ಹೊಳೆಯಾಚೆ ನಿಂಬಾಪುರದ ಬೂದಿಯ ದಿಬ್ಬವನ್ನು ವಾಲಿಯ ಚಿತಾಭಸ್ಮವೆನ್ನುತ್ತಾರೆ. ಈ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟುದರಿಂದ ಆದವೆಂಬುದು ಪುರಾತತ್ತ್ವಜ್ಞರ ಮತ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್‌ಶಿಲಾಯುಗದ ನೂರಾರು ಕಲ್ಲುಗೋರಿಗಳಿವೆ. ಕುಳ್ಳರಾದ ಮೋರ್ಯರು ಕಟ್ಟಿಕೊಂಡ ಮನೆಗಳು ಅವು ಎಂಬುದು ಸುತ್ತಣ ಜನರ ಪ್ರತೀತಿ. ಎರಡು ವಿವರಣೆಗಳೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ವಾಸಿಸುತ್ತವೆ. ಶಾಲೆಯಲ್ಲಿ ಮೊದಲನೆಯದನ್ನು ಬರೆದು ಅಂಕ ಪಡೆದ ಹುಡುಗಿ ಮನೆಗೆ ಬಂದು ಅಜ್ಜಿಯಿಂದ ಎರಡನೆಯದನ್ನು ಕೇಳುತ್ತಾಳೆ. ಒಂದು ಬಂಡೆಗೂ ಕಥೆಯಿಲ್ಲದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡ ನಮಗೆ ಈ ಸಹವಾಸ ಅರ್ಥವಾಗುವುದು ಕಷ್ಟ.

ಇಂಥ ನಾಡಿಗೆ ಅದ್ಭುತವನ್ನು ಕಿರುತೆರೆ ಹೊಸದಾಗಿ ತಂದುಕೊಡಬೇಕಾಗಿರಲಿಲ್ಲ. ಅಲ್ಲಿ ದೊಡ್ಡಾಟವಿತ್ತು, ಕೆಲವೆಡೆ ಇನ್ನೂ ಇದೆ. ತೊಗಲುಗೊಂಬೆಯಾಟವಿತ್ತು, ಅದೂ ಅಲ್ಪಸ್ವಲ್ಪ ಉಳಿದಿದೆ. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ದೀಪದ ಮುಂದೆ ಪರದೆ ಕಟ್ಟಿ, ಬಣ್ಣದ ತೊಗಲಿನಲ್ಲಿ ರಾವಣನ ಹತ್ತು ತಲೆಗಳನ್ನು ಕುಣಿಸುವ ವಿದ್ಯೆಗೂ ಗಣಕಯಂತ್ರದಲ್ಲಿ ಹಾವಿನ ಹೆಡೆ ಎಬ್ಬಿಸುವ ವಿದ್ಯೆಗೂ ಬೆಲೆಯಲ್ಲಿ ವ್ಯತ್ಯಾಸವಿದ್ದೀತು, ಜಾತಿಯಲ್ಲಿಲ್ಲ. ನಿಜ ಹೇಳಬೇಕೆಂದರೆ ತೊಗಲಿನ ರಾವಣನೇ ಹೆಚ್ಚು ಚೆಲುವ.

ಹಾಗಾದರೆ ‘ನಾಗಿಣಿ’ ಹೊಸದಾಗಿ ಕೊಟ್ಟುದೇನು? ಹಾವನ್ನಲ್ಲ; ಆ ಹಾವು ಹೊಕ್ಕ ಮನೆಯನ್ನು.

ದೊಡ್ಡಾಟದ ಅದ್ಭುತ ನಡೆಯುವುದು ಅಯೋಧ್ಯೆಯಲ್ಲಿ, ಲಂಕೆಯಲ್ಲಿ, ವಿರಾಟನ ಅರಮನೆಯಲ್ಲಿ. ಧಾರಾವಾಹಿಯ ಅದ್ಭುತ ನಡೆಯುವುದು ದೇವರ ಕೋಣೆ, ಊಟದ ಮೇಜು, ಮಾಳಿಗೆಯ ಮೆಟ್ಟಿಲುಗಳಿರುವ ಒಂದು ಅತ್ತೆಮನೆಯಲ್ಲಿ. ಅದೇ ಅತ್ತೆಮನೆ ಉಳಿದ ಎಲ್ಲ ಸಾಂಸಾರಿಕ ಧಾರಾವಾಹಿಗಳಲ್ಲಿಯೂ ಇದೆ. ಅಲ್ಲೆಲ್ಲ ಸೊಸೆಯ ಪಾಲಿಗೆ ಬಂದಿರುವುದು ಸಹನೆ. ಅವಳ ಮೇಲೆ ಆರೋಪ ಬರುತ್ತದೆ, ಅವಳು ಅಳುತ್ತಾಳೆ. ಇನ್ನೊಂದು ಆರೋಪ ಬರುತ್ತದೆ, ಇನ್ನೊಮ್ಮೆ ಅಳುತ್ತಾಳೆ. ಇಲ್ಲಿ ಮಾತ್ರ, ಕಾಫಿಯ ತಟ್ಟೆ ಹಿಡಿದು ತಲೆತಗ್ಗಿಸಿ ನಿಂತ ಹುಡುಗಿಯ ಬಾಯಲ್ಲಿ ವಿಷವಿದೆ. ಮನೆಯವರಾರಿಗೂ ಅದು ಗೊತ್ತಿಲ್ಲ, ನೋಡುವವಳಿಗೆ ಗೊತ್ತಿದೆ. ಹೊಡೆಯಲು ಕೈಯೆತ್ತಿದ ದುಷ್ಟ ಬಂಧುವನ್ನು ಕಂಡು ಅವಳ ಕಣ್ಣು ಬಣ್ಣ ಬದಲಿಸಿದಾಗ ನಮ್ಮ ಮನೆಗಳ ನಡುಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ತೃಪ್ತಿ ಹರಿದಾಡುತ್ತದೆ. ಸಾಮಾಜಿಕ ಕಥೆ ಹೆಣ್ಣಿಗೆ ಕೊಡಲು ಹೆದರುವ ಸಿಟ್ಟನ್ನು ಅದ್ಭುತದ ಕಥೆ ಹಾವಿನ ಹೆಸರಿನಲ್ಲಿ ಕೊಟ್ಟುಬಿಡುತ್ತದೆ.

ಇದಕ್ಕಿಂತ ಆಳವಾದ ಇನ್ನೊಂದು ತಂತುವಿದೆ. ಬಡಗಣ ಕನ್ನಡನಾಡಿನಲ್ಲಿ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ದರೆ ತವರಿಗೆ ಹೋಗಿ ಜೋಕಾಲಿ ಜೀಕುವ, ಅಳ್ಳಿಟ್ಟು, ಉಂಡಿ ತಿನ್ನುವ, ಹುತ್ತಕ್ಕೆ ಹಾಲೆರೆಯುವ ಹಬ್ಬ. ನಾಗಪ್ಪ ಅಲ್ಲಿ ಹೆದರಿಸುವ ದೇವರಲ್ಲ. ತವರಿನ ಕಡೆಯ ದೇವರು. ಹಾಲೆರೆಯುವಾಗ ಹೆಣ್ಣು ತನ್ನ ಒಡಹುಟ್ಟಿದವರ ಹೆಸರು ಹಿಡಿದು ಕ್ಷೇಮ ಬೇಡುತ್ತಾಳೆ. ಈ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೃತಾಳ ಕಥೆಯನ್ನು ಮತ್ತೆ ನೋಡಬೇಕು. ತಾಯಿತಂದೆಗಳನ್ನು ಕಳೆದುಕೊಂಡ, ತವರೇ ಇಲ್ಲದ ಹೆಣ್ಣು ಅವಳು. ಆ ತವರನ್ನು ಹಾಳು ಮಾಡಿದವರ ನೆರಳಿನಲ್ಲಿಯೇ ಅವಳು ಸೊಸೆಯಾಗಿ ಬಾಳಬೇಕು, ಅವರಿಗೇ ಬಡಿಸಬೇಕು, ಅವರ ಮಗನನ್ನೇ ಒಲಿಯಬೇಕು. ಕೊಲೆಯನ್ನು ತೆಗೆದುಹಾಕಿ ನೋಡಿ. ಇದು ಎಷ್ಟು ಮನೆಗಳ ಕಥೆ! ಪಂಚಮಿಗೆ ಕರೆಯಲು ಯಾರೂ ಬಾರದ ಹೆಂಗಸು ಇದನ್ನು ಮೌಢ್ಯದಿಂದ ನೋಡುತ್ತಾಳೆಂದು ತೀರ್ಪು ಕೊಡುವವರು ಅವಳ ಮನೆಯೊಳಗೆ ಇಣಿಕಿಯೂ ನೋಡಿಲ್ಲ.

ಹಾವು ಮತ್ತು ಹೆಣ್ಣಿನ ಮಾತು ಬಂದಮೇಲೆ ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನೆನೆಯದಿರುವುದು ಹೇಗೆ? 1997ರಲ್ಲಿ ನಾಗಾಭರಣರು ಅದನ್ನು ಚಲನಚಿತ್ರವಾಗಿಯೂ ತಂದರು. ಅಲ್ಲಿ ನಾಗ ಗಂಡು. ಗಂಡನ ರೂಪ ತಾಳಿ ರಾತ್ರಿ ರಾಣಿಯ ಬಳಿಗೆ ಬರುತ್ತಾನೆ. ರಾಣಿ ಹುತ್ತಕ್ಕೆ ಕೈಯಿಕ್ಕಿ ಆಣೆ ಮಾಡಬೇಕಾಗುತ್ತದೆ. ಹಾವು ಕಚ್ಚುವುದಿಲ್ಲ, ಊರು ಅವಳನ್ನು ದೇವತೆಯೆಂದು ಕೊಂಡಾಡುತ್ತದೆ. ಕಿರುತೆರೆಯವರು ಇದನ್ನು ತಿರುವಿಹಾಕಿದಂತಿದೆ. ಇಲ್ಲಿ ಹೆಣ್ಣೇ ಹಾವು. ಪರೀಕ್ಷೆಗೆ ಒಳಗಾಗುವವಳಲ್ಲ, ಪರೀಕ್ಷಿಸುವವಳು. ಕಲೆಯ ತೂಕದಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ಅರಸಿಕರು ನಾವಲ್ಲ. ಆದರೆ ಕಾರ್ನಾಡರ ನಾಟಕದ ಆರಂಭದಲ್ಲಿ ಒಂದು ಸೊಗಸಾದ ಶಾಪವಿದೆ. ತನ್ನ ನಾಟಕಗಳಿಂದ ಜನರನ್ನು ನಿದ್ದೆಗೆ ಕೆಡವಿದ ತಪ್ಪಿಗೆ ನಾಟಕಕಾರ ಒಂದು ರಾತ್ರಿಯಿಡೀ ಎಚ್ಚರವಿರಬೇಕು, ಇಲ್ಲವಾದರೆ ಸಾಯಬೇಕು. ಅವನನ್ನು ಎಚ್ಚರವಾಗಿಡಲು ಒಂದು ಕಥೆ ಹೆಣ್ಣಿನ ರೂಪದಲ್ಲಿ ಬರುತ್ತದೆ. ನಮ್ಮ ಧಾರಾವಾಹಿಕಾರರಿಗೆ ತಗಲಿರುವುದೂ ಇದೇ ಶಾಪ. ಆದರೆ ಅದು ಒಂದು ರಾತ್ರಿಯ ಶಾಪವಲ್ಲ.

ಇಲ್ಲಿಗೆ ನಮ್ಮ ತಕರಾರು ಮೊದಲಾಗುತ್ತದೆ. ಹಿಡಿಯುವುದು ಒಂದು, ಹಿಡಿದು ಬಿಡದಿರುವುದು ಇನ್ನೊಂದು. ಅತ್ತೆಮನೆಯಲ್ಲಿ ವಿಷ ಬಚ್ಚಿಟ್ಟುಕೊಂಡ ಸೊಸೆ ಎಂಬ ಕಲ್ಪನೆ ಪ್ರೇಕ್ಷಕರನ್ನು ಹಿಡಿಯಿತು, ಅದು ಪ್ರತಿಭೆ. ಅನಂತರ ಹಿಡಿದಿಟ್ಟದ್ದು ಬೇರೆ ಉಪಾಯ. ನಾಗಿಣಿಯ ಗುಟ್ಟು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ನಮಗೆ ಗೊತ್ತು. ಗುಟ್ಟು ತಿಳಿದವನು ಎದ್ದುಹೋಗಲಾರ, ಅವನು ಕಾವಲುಗಾರನಾಗಿಬಿಡುತ್ತಾನೆ. ಈ ಉಪಾಯ ಹಳೆಯದು, ಗೌರವವಾದದ್ದು. ವಿರಾಟನ ಮನೆಯಲ್ಲಿ ಅಡುಗೆಯವನಾಗಿ ನಿಂತ ಭೀಮನನ್ನು ಕಂಡು ನಮ್ಮ ಹಿರಿಯರು ಮೀಸೆಯಲ್ಲಿ ನಕ್ಕದ್ದು ಇದೇ ಗುಟ್ಟಿನ ಬಲದಿಂದ. ಆದರೆ ಅಜ್ಞಾತವಾಸಕ್ಕೆ ಒಂದು ವರ್ಷದ ಗಡುವಿತ್ತು. ಬನ್ನಿಮರದ ಮೇಲೆ ಆಯುಧಗಳು ಕಾದಿದ್ದವು. ಕೀಚಕ ಸತ್ತೇ ಸತ್ತ. ಧಾರಾವಾಹಿಯಲ್ಲಿ ಕೀಚಕ ಸಾಯುವುದಿಲ್ಲ, ಸಾಯುವಂತಾಗುತ್ತಾನೆ. ಬಾಗಿಲು ತೆರೆಯುತ್ತದೆ, ಗುಡುಗಿನ ಸದ್ದಾಗುತ್ತದೆ, ಮನೆಯವರ ಮುಖಗಳನ್ನು ಒಂದೊಂದಾಗಿ ಮೂರು ಸಲ ತೋರಿಸುತ್ತಾರೆ, ಸಾಬೂನಿನ ಜಾಹೀರಾತು ಬರುತ್ತದೆ. ಮರುದಿನ ನೋಡಿದರೆ ಬಾಗಿಲಲ್ಲಿ ನಿಂತಿದ್ದವನು ಹಾಲಿನವನು.

ನಮ್ಮ ಅಲಂಕಾರಿಕರು ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿ ಎಂದರು. ಸ್ಥಾಯಿಯೆಂದರೆ ನೆಲೆ ನಿಲ್ಲುವುದು. ನಿಮಿಷಕ್ಕೊಮ್ಮೆ ಬೆಚ್ಚಿಬೀಳುವ ಮನಸ್ಸಿನಲ್ಲಿ ವಿಸ್ಮಯ ನೆಲೆ ನಿಲ್ಲುವುದು ಹೇಗೆ? ಅಲ್ಲಿ ಉಳಿಯುವುದು ಬರಿಯ ಕುತೂಹಲ. ಮುಂದೇನು, ಮುಂದೇನು ಎಂಬ ತುರಿಕೆ. ರಸ ಉಂಡವನಿಗೆ ತೃಪ್ತಿಯಾಗುತ್ತದೆ. ತುರಿಸಿಕೊಂಡವನಿಗೆ ಇನ್ನಷ್ಟು ತುರಿಕೆಯಾಗುತ್ತದೆ. ದೊಡ್ಡಾಟಕ್ಕೆ ಹೋದವನಿಗೆ ಕಥೆಯ ಕೊನೆ ಮೊದಲೇ ಗೊತ್ತು. ಲಂಕೆ ಸುಡುತ್ತದೆಂದು ತಿಳಿದೇ ಅವನು ಕಂಬಳಿ ಹೊದ್ದು ಕೂರುತ್ತಾನೆ. ಹೇಗೆ ಸುಡುತ್ತಾರೆ, ಹನುಮಂತನ ಪಾತ್ರಧಾರಿ ಈ ಸಲ ಹೇಗೆ ಹಾರುತ್ತಾನೆ ಎಂಬುದಷ್ಟೇ ಅವನ ಕೌತುಕ. ಬೆಳಗಿನ ಜಾವ ಮಂಗಳ ಹಾಡುತ್ತಾರೆ. ಕಣ್ಣುರಿಯೊಡನೆ, ತುಂಬಿದ ಮನಸ್ಸಿನೊಡನೆ ಅವನು ಎದ್ದು ಹೊಲಕ್ಕೆ ಹೋಗುತ್ತಾನೆ. ಬೇತಾಳನ ಕಥೆಯಲ್ಲಿಯೂ ಹೊರಗಿನ ಸರಪಳಿ ಮುಂದುವರಿದರೂ ಒಳಗಿನ ಒಂದೊಂದು ಕಥೆ ಮುಗಿಯುತ್ತದೆ, ಪ್ರಶ್ನೆ ಬರುತ್ತದೆ, ಉತ್ತರ ಬರುತ್ತದೆ. ಇಲ್ಲಿ ಸರಪಳಿಯೂ ಮುಗಿಯದು, ಕೊಂಡಿಯೂ ಮುಗಿಯದು. ನೋಡುವವಳು ಪ್ರತಿ ರಾತ್ರಿ ಅರ್ಧ ಊಟದಲ್ಲಿ ಎದ್ದುಹೋಗುತ್ತಾಳೆ. ಹಸಿವಾಗಿಯೇ ಮರುದಿನ ಬರುತ್ತಾಳೆ. ಅದನ್ನೇ ನಾವು ಚಟವೆಂದು ಕರೆದು ಅವಳನ್ನು ದೂರುತ್ತೇವೆ.

ಬರೆಯುವವರನ್ನು ಮಾತ್ರ ಬೈದು ಫಲವಿಲ್ಲ. ಹಿಂದಿಯ ‘ನಾಗಿನ್’ ಶನಿವಾರ, ಭಾನುವಾರ ಮಾತ್ರ ಬರುತ್ತಿತ್ತು. ಮೊದಲ ಭಾಗ 2016ರ ನಡುವಿನಲ್ಲಿಯೇ ಒಂದು ಕೊನೆ ಕಂಡಿತು. ಕನ್ನಡದಲ್ಲಿ ಅದು ದಿನಬಳಕೆಯ ಧಾರಾವಾಹಿಯಾಗಿ ಬಂದು ವರ್ಷಗಟ್ಟಲೆ ನಡೆಯಿತು. ದಿನವೂ ಅರ್ಧ ಗಂಟೆ ತುಂಬಬೇಕು. ವಾರವಾರವೂ ಟಿ.ಆರ್.ಪಿ. ಎಂಬ ಜಾತಕ ಬರುತ್ತದೆ. ಅದು ಇಳಿದರೆ ಸತ್ತ ಖಳನಿಗೆ ಜೀವ ಬರುತ್ತದೆ, ಏರಿದರೆ ಸಾಯಬೇಕಾದವನಿಗೆ ಆಯುಷ್ಯ ಬೆಳೆಯುತ್ತದೆ. ಶಹರಜಾದೆ ಸಾವಿನಂಚಿನಲ್ಲಿ ಕುಳಿತು ಕಥೆ ಹೇಳಿದಳು, ನಿಜ. ಅವಳಿಗೆ ಕಥೆಯನ್ನು ಎಳೆಯುವ ಕಾರಣವಿತ್ತು. ಸಾವಿರದೊಂದನೆಯ ರಾತ್ರಿ ನಿಲ್ಲಿಸುವ ಅರಿವೂ ಇತ್ತು.

ಬರಿಯ ಮಾಯೆಯೇ ಜನರನ್ನು ಹಿಡಿಯುವುದಾದರೆ 2020ರ ಸಂಗತಿಯನ್ನು ವಿವರಿಸುವುದು ಕಷ್ಟವಾಗುತ್ತದೆ. ಆ ವರ್ಷ ಅದೇ ಜೀ ಕನ್ನಡ ವಾಹಿನಿ ಹಿಂದಿಯಿಂದ ಕನ್ನಡಕ್ಕೆ ಮಾತು ಕೂಡಿಸಿ ‘ಮಹಾನಾಯಕ’ವನ್ನು ತಂದಿತು. ಅಂಬೇಡ್ಕರರ ಬಾಲ್ಯದ ಕಥೆ, ಹಾವಿಲ್ಲ, ಮಣಿಯಿಲ್ಲ. ಊರೂರುಗಳಲ್ಲಿ ಯುವಕರು ತಾವೇ ಹಣ ಕೂಡಿಸಿ ಅದರ ಫ್ಲೆಕ್ಸ್ ಕಟ್ಟಿದರು. ಅಲ್ಲಿಯೂ ನೋಡುವವನು ಒಂದು ಅನ್ಯಾಯವನ್ನು ಬಲ್ಲ. ಅದನ್ನು ಎದುರಿಸುವ ಶಕ್ತಿ ಆ ಹುಡುಗನಲ್ಲಿ ಅಡಗಿದೆಯೆಂಬುದನ್ನೂ ಬಲ್ಲ. ಸುತ್ತಲಿನವರಿಗೆ ಮಾತ್ರ ಅದು ಗೊತ್ತಿಲ್ಲ. ನಾಗಿಣಿಗೂ ಆ ಬಾಲಕನಿಗೂ ಬೇರೆ ಏನೂ ಸಂಬಂಧವಿಲ್ಲ; ಹೋಲಿಸಿದೆವೆಂದು ಯಾರೂ ಮುನಿಯಬೇಡಿ. ಪ್ರೇಕ್ಷಕರ ಹಸಿವು ಒಂದೇ ಎಂದಷ್ಟೇ ನಮ್ಮ ಮಾತು. ಅವರು ಕಾಯುತ್ತಿರುವುದು ನ್ಯಾಯಕ್ಕೆ. ‘ಮಹಾನಾಯಕ’ದ ಪ್ರೇಕ್ಷಕನಿಗೆ ಆ ಕಥೆ ಸಂವಿಧಾನದ ವರೆಗೆ ಹೋಗುತ್ತದೆಂದು ಚರಿತ್ರೆಯೇ ಮಾತು ಕೊಟ್ಟಿತ್ತು. ಅಮೃತಾಳ ಪ್ರೇಕ್ಷಕಳಿಗೆ ಅಂಥ ಮಾತು ಕೊಟ್ಟವರಿಲ್ಲ.

ಕೊನೆಯನ್ನು ಜನ ಎಷ್ಟು ಬಲವಾಗಿ ಬಯಸುತ್ತಾರೆಂಬುದಕ್ಕೆ ದೂರದ ಎರಡು ಉದಾಹರಣೆಗಳು ಸಾಕು. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಅವಸರದಲ್ಲಿ ಮುಗಿದಾಗ, ಕೊನೆಯ ಭಾಗವನ್ನು ಮತ್ತೆ ಚಿತ್ರಿಸಿರೆಂದು ಹತ್ತು ಲಕ್ಷಕ್ಕೂ ಮೀರಿ ಜನ ಮನವಿಗೆ ಹೆಸರು ಹಾಕಿದರು, ಯಾರೂ ಚಿತ್ರಿಸಲಿಲ್ಲ. ಇನ್ನೊಂದು ನಮ್ಮ ದೇಶದ್ದೇ. 1987ರ ಜನವರಿಯಲ್ಲಿ ಮೊದಲಾದ ರಮಾನಂದ ಸಾಗರರ ‘ರಾಮಾಯಣ’ 1988ರ ಜುಲೈಯಲ್ಲಿ ಪಟ್ಟಾಭಿಷೇಕದೊಂದಿಗೆ ಮುಗಿಯುವುದಿತ್ತು. ಉತ್ತರಕಾಂಡವಿಲ್ಲದೆ, ವಾಲ್ಮೀಕಿಯ ಆಶ್ರಮವಿಲ್ಲದೆ, ಸೀತೆಯ ಮಾತು ಪೂರ್ತಿಯಾಗದೆ ಮುಗಿಯಕೂಡದೆಂದು ಜಲಂಧರದಲ್ಲಿ ಬೀದಿ ಗುಡಿಸುವವರು ಮುಷ್ಕರ ಹೂಡಿದರು. ಅವರಲ್ಲಿ ಬಹುಮಂದಿ ವಾಲ್ಮೀಕಿಯನ್ನು ಕುಲಗುರುವೆಂದು ನಂಬಿದವರು. ಪೊರಕೆಗಳು ಮೂಲೆ ಸೇರಿದವು, ಕಸ ಬೀದಿಯಲ್ಲಿ ಬೆಳೆಯಿತು. ಸರ್ಕಾರ ಮಣಿಯಿತು, ಲವಕುಶರ ಕಥೆ ಆ ಬಳಿಕ ತೆರೆಯ ಮೇಲೆ ಬಂದಿತು.